ಚೀಲದ ಮೇಲೆ 60 ಲೀಟರ್, ಒಳಗೆ ಹಿಡಿದದ್ದು 48: ಬೆನ್ನುಚೀಲವನ್ನು ಅಳೆಯುವ ಸರಿಯಾದ ಕ್ರಮ ಯಾವುದು?

ಕಾಡುಹಾದಿ (ಬೆಂಗಳೂರು)

ಎಂಟು ವರ್ಷ ಹೊತ್ತು ತಿರುಗಿದ ನನ್ನ ಬೆನ್ನುಚೀಲದ ಮುಖ್ಯ ಜಿಪ್ ಕೈಕೊಟ್ಟಿದ್ದರಿಂದ ಕಳೆದ ತಿಂಗಳು ಹೊಸದೊಂದನ್ನು ಕೊಂಡೆ. ಹಳೆಯದರ ಮೇಲೆ 55 ಲೀಟರ್ ಎಂದು ಬರೆದಿದೆ, ಹೊಸದರ ಮೇಲೆ 60. ಎರಡೂ ಬೇರೆ ಬೇರೆ ಕಂಪನಿಯವು. ಹೆಸರು ಹೇಳುವ ಅಗತ್ಯ ನನಗೆ ಕಾಣುತ್ತಿಲ್ಲ. ಮುಂದಿನ ತಿಂಗಳು ಹಿಮಾಚಲದ ಹಂಪ್ತಾ ಪಾಸ್ ಚಾರಣಕ್ಕೆ ಹೋಗಬೇಕಿರುವುದರಿಂದ ಒಮ್ಮೆ ಪೂರ್ತಿ ಸಾಮಾನು ತುಂಬಿ ನೋಡೋಣವೆಂದು ಕುಳಿತರೆ, ಹಳೆಯ ಚೀಲದಲ್ಲಿ ಸಲೀಸಾಗಿ ಕೂರುತ್ತಿದ್ದ ಟೆಂಟ್, ಸ್ಲೀಪಿಂಗ್ ಬ್ಯಾಗ್, ಬಟ್ಟೆ, ಸ್ಟೌ ಮತ್ತು ಪಾತ್ರೆಗಳೆಲ್ಲ ಸೇರಿದರೂ ಹಕ್ಕಿಗರಿ ತುಂಬಿದ ಜಾಕೆಟ್ ಮಾತ್ರ ಹೊರಗೇ ಉಳಿಯಿತು. ಐದು ಲೀಟರ್ ಹೆಚ್ಚು ಎಂದು ಹಣ ಕೊಟ್ಟವನಿಗೆ ಇದ್ದ ಜಾಗವೂ ಕಡಿಮೆಯಾದರೆ ಹೇಗಾಗಬೇಡ?

ಮೊದಲು ಟೇಪು ಹಿಡಿದು ಅಳೆದೆ. ಹೊಸ ಚೀಲ 68 ಸೆಂ.ಮೀ. ಎತ್ತರ, 32 ಅಗಲ, 24 ಆಳ. ಗುಣಿಸಿದರೆ 52 ಲೀಟರ್ ಬಂತು. ಆದರೆ ಚೀಲವೇನು ಪೆಟ್ಟಿಗೆಯಲ್ಲ. ಬುಡದಲ್ಲಿ ಕಿರಿದಾಗಿ, ನಡುವೆ ಉಬ್ಬಿ, ಮೇಲೆ ಮತ್ತೆ ಸೊರಗುವ ಆ ಆಕಾರವನ್ನು ಮೂರು ಸಂಖ್ಯೆಗಳಲ್ಲಿ ಹಿಡಿಯುವುದು ಸಾಧ್ಯವಿಲ್ಲ. ಹಾಗಾಗಿ ಏನನ್ನಾದರೂ ತುಂಬಿಯೇ ನೋಡಬೇಕೆಂದು ನಿಶ್ಚಯಿಸಿದೆ. ನೀರು ತುಂಬುವ ಹಾಗಿಲ್ಲ, ಅಕ್ಕಿ ತುಂಬಿದರೆ ಎತ್ತುವವರು ಯಾರು? ಹಗುರವೂ ಅಗ್ಗವೂ ಆದದ್ದು, ಅಳತೆ ಮುಗಿದ ಮೇಲೆ ಮನೆಯಲ್ಲಿ ಖರ್ಚಾಗುವಂಥದ್ದು ಮಂಡಕ್ಕಿಯೊಂದೇ.

ಕ್ರಮ ಹೀಗಿತ್ತು. 20 ಲೀಟರಿನ ಪೇಂಟ್ ಬಕೆಟ್ ಒಂದನ್ನು ತೊಳೆದು ಒಣಗಿಸಿ, ಕಂಠದವರೆಗೆ ಮಂಡಕ್ಕಿ ತುಂಬಿ, ಸ್ಕೇಲಿನಿಂದ ತಲೆ ಸವರಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮಂಡಕ್ಕಿಯನ್ನಷ್ಟೇ ತೂಗಿದೆ. 1.90 ಕೆ.ಜಿ. ಬಂತು, ಅಂದರೆ ಲೀಟರಿಗೆ 95 ಗ್ರಾಂ. ಆಮೇಲೆ ಚೀಲವನ್ನು ಗೋಡೆಯ ಮೂಲೆಗೆ ಒರಗಿಸಿ ನಿಲ್ಲಿಸಿ, ಬಿಗಿಯುವ ಪಟ್ಟಿಗಳನ್ನೆಲ್ಲ ಸಡಿಲಿಸಿ, ಮುಖ್ಯ ಭಾಗಕ್ಕೂ ಮುಚ್ಚಬಹುದಾದ ಎಲ್ಲ ಜೇಬುಗಳಿಗೂ ಮಂಡಕ್ಕಿ ತುಂಬಿ, ಅದನ್ನು ಹಾಸಿದ ಪಂಚೆಯ ಮೇಲೆ ಸುರಿದು ತೂಗಿದೆ. ಹಳೆಯ ಚೀಲದಲ್ಲಿ ಹಿಡಿದದ್ದು 4.94 ಕೆ.ಜಿ., ಅಂದರೆ 52 ಲೀಟರ್. ಹೊಸದರಲ್ಲಿ ಜಿಪ್ ಇರುವ ಭಾಗಗಳಲ್ಲಿ 4.56 ಕೆ.ಜಿ., ಅಂದರೆ 48 ಲೀಟರ್. ಅದರ ಮುಂಭಾಗದ ಬಲೆ ಜೇಬು ಮತ್ತು ಪಕ್ಕದ ಎರಡು ಬಾಟಲಿ ಜೇಬುಗಳನ್ನು ಬೇರೆಯಾಗಿ ಅಳೆದಾಗ 0.80 ಕೆ.ಜಿ., ಅಂದರೆ ಎಂಟೂವರೆ ಲೀಟರಿಗೆ ಸ್ವಲ್ಪ ಕಡಿಮೆ. ಹೇಗೆ ಕೂಡಿಸಿದರೂ 60 ಆಗುವುದಿಲ್ಲ. ಹಳೆಯವನೂ ಮೂರು ಲೀಟರ್ ಸುಳ್ಳು ಹೇಳಿದ್ದಾನೆ, ಹೊಸಬ ಹನ್ನೆರಡು. ಎಲ್ಲರೂ ಹೀಗೆಯೇ ಬರೆಯುತ್ತಾರೆಯೇ, ಅಥವಾ ನನ್ನ ಅಳತೆಯಲ್ಲೇ ದೋಷವಿದೆಯೇ?

ಗಣಿತ ಮೇಷ್ಟ್ರು (ಧಾರವಾಡ)

ಮಂಡಕ್ಕಿಯ ಆಯ್ಕೆ ತಮಾಷೆಯಾಗಿ ಕಂಡರೂ ತತ್ವದಲ್ಲಿ ನೀವು ಮಾಡಿದ್ದು ಸರಿಯಾಗಿಯೇ ಇದೆ. ಅಮೆರಿಕದಲ್ಲಿ ಬೆನ್ನುಚೀಲದ ಗಾತ್ರ ಅಳೆಯಲೆಂದೇ ಎಎಸ್‌ಟಿಎಂ ಎಫ್ 2153 ಎಂಬ ಮಾನಕವಿದೆ. ಅದರಲ್ಲಿ ಮಂಡಕ್ಕಿಯ ಬದಲು 20 ಮಿ.ಮೀ. ವ್ಯಾಸದ ಪ್ಲಾಸ್ಟಿಕ್ ಗುಂಡುಗಳನ್ನು ಚೀಲಕ್ಕೆ ತುಂಬುತ್ತಾರೆ, ಬಳಿಕ ಅವನ್ನು ಅಳತೆಯ ಪಾತ್ರೆಗೆ ಸುರಿದು ಎಷ್ಟು ಲೀಟರಿನ ಗುರುತಿಗೆ ಬಂತೆಂದು ಓದುತ್ತಾರೆ. ಗುಂಡುಗಳ ನಡುವೆ ಗಾಳಿಯ ಜಾಗ ಇದ್ದೇ ಇರುತ್ತದಲ್ಲ ಎಂಬ ಸಂಶಯ ಸಹಜ. ಕಿತ್ತಳೆ ಹಣ್ಣಿನ ಅಂಗಡಿಯವನು ಪೇರಿಸುವ ಹಾಗೆ ಅಚ್ಚುಕಟ್ಟಾಗಿ ಜೋಡಿಸಿದರೂ ಗುಂಡುಗಳು ಶೇ. 74ರಷ್ಟು ಜಾಗವನ್ನಷ್ಟೇ ತುಂಬಬಲ್ಲವು ಎಂದು ಖಗೋಳಶಾಸ್ತ್ರಜ್ಞ ಕೆಪ್ಲರ್ 1611ರಲ್ಲಿ ಊಹಿಸಿದ್ದ, ಅದಕ್ಕೆ ಗಣಿತದ ಪುರಾವೆ ಸಿಕ್ಕಿದ್ದು 1998ರಲ್ಲಿ. ಸುಮ್ಮನೆ ಸುರಿದು ಕುಲುಕಿದರೆ ಶೇ. 60ರಿಂದ 64ರವರೆಗೆ ಮಾತ್ರ ತುಂಬುತ್ತದೆ. ಆದರೆ ಚೀಲದಲ್ಲೂ ಪಾತ್ರೆಯಲ್ಲೂ ಅದೇ ಗಾಳಿ, ಅದೇ ಪ್ರಮಾಣದಲ್ಲಿ ಇರುವುದರಿಂದ ಅದು ಎರಡೂ ಕಡೆ ವಜಾ ಆಗಿ ಹೋಗುತ್ತದೆ. ಒಂದು ಗುಂಡಿನ ಗಾತ್ರ 4.19 ಘನ ಸೆಂ.ಮೀ.; ಲೀಟರಿಗೆ ನೂರೈವತ್ತಕ್ಕೆ ತುಸು ಕಡಿಮೆ ಗುಂಡುಗಳು ಬರುತ್ತವೆ. ಐವತ್ತು ಲೀಟರಿನ ಚೀಲಕ್ಕೆ ಏಳು ಸಾವಿರಕ್ಕಿಂತ ಹೆಚ್ಚು ಗುಂಡುಗಳು ಬೇಕು. ಮನೆಯಲ್ಲಿ ಇದನ್ನು ಮಾಡಲು ಹೊರಟರೆ ಸೋಫಾದ ಕೆಳಗಿನಿಂದ ಗುಂಡು ಹೆಕ್ಕುವುದರಲ್ಲೇ ವರ್ಷ ಕಳೆದೀತು.

ಗಾಳಿ ವಜಾ ಆಗುತ್ತದೆ ಎಂದೆನಲ್ಲ, ಅದಕ್ಕೊಂದು ಅಪವಾದವಿದೆ. ಗೋಡೆಯ ಪಕ್ಕದಲ್ಲಿ ಗುಂಡುಗಳು ಚೆನ್ನಾಗಿ ಕೂರುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ, ಆದರೆ ನಾಲ್ಕು ಬೆರಳು ಅಗಲದ ಜೇಬಿನಲ್ಲಿ ಎಲ್ಲವೂ ಗೋಡೆಯ ಪಕ್ಕವೇ. ಆದ್ದರಿಂದ ಸಣ್ಣ ಜೇಬುಗಳು ಗುಂಡಿನ ಅಳತೆಯಲ್ಲಿ ತಮ್ಮ ನಿಜವಾದ ಗಾತ್ರಕ್ಕಿಂತ ಕಡಿಮೆ ತೋರುತ್ತವೆ. ಈ ವಿಷಯದಲ್ಲಿ ಮಂಡಕ್ಕಿಯೇ ಮೇಲು, ಏಕೆಂದರೆ ಕಾಳು ಚಿಕ್ಕದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಆ ಮಾನಕದ ಪ್ರಕಾರ ಪೂರ್ತಿ ಮುಚ್ಚಬಹುದಾದ ಭಾಗಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಬಾಯಿ ತೆರೆದ ಬಲೆ ಜೇಬುಗಳು ಲೆಕ್ಕಕ್ಕಿಲ್ಲ. ತೆರೆದ ಜೇಬನ್ನೂ ಸೇರಿಸಿ ಬರೆಯುವ ತಯಾರಕರು, ಅದರಲ್ಲೂ ಹಗುರ ಚೀಲಗಳನ್ನು ಹೊಲಿಯುವ ಸಣ್ಣ ಕಂಪನಿಗಳವರು ಬಹಳ ಮಂದಿ ಇದ್ದಾರೆ. ಹಲವರು ಅದನ್ನು ಬಾಯಿಬಿಟ್ಟು ಹೇಳುತ್ತಾರೆ ಕೂಡ, ನಾವು ಓದುವುದಿಲ್ಲ ಅಷ್ಟೆ. ನಿಮ್ಮ ಹೊಸ ಚೀಲದ ವಿವರಣೆಯಲ್ಲಿ ಸಣ್ಣ ಅಕ್ಷರದ ಸಾಲೇನಾದರೂ ಇದೆಯೇ ನೋಡಿ.

ಮಲೆನಾಡ ಮಳೆ (ಕೊಪ್ಪ)

ಇಷ್ಟೆಲ್ಲ ಅಳೆಯುವುದು ಏಕೆಂಬುದು ನನಗೆ ಅರ್ಥವಾಗುತ್ತಿಲ್ಲ. ನಿಮ್ಮ ಸಾಮಾನನ್ನೆಲ್ಲ ಒಂದು ಗೋಣಿಯಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋಗಿ, ಅಲ್ಲಿಯೇ ತುಂಬಿ ನೋಡಿ ಕೊಳ್ಳಿ. ನಾನು ಕೊಂಡದ್ದು ಹಾಗೆಯೇ.

ಕಾಡುಹಾದಿ

ಅಂಗಡಿಯಲ್ಲಿ ಕೊಂಡಿದ್ದರೆ ಹಾಗೆ ಮಾಡಬಹುದಿತ್ತು. ನಾನು ಕೊಂಡದ್ದು ಆನ್‌ಲೈನಿನಲ್ಲಿ. ಆನ್‌ಲೈನಿನಲ್ಲಿ ಕೊಳ್ಳುವವನಿಗೆ ಆ ಸಂಖ್ಯೆಯೊಂದೇ ಆಧಾರ, ಅದಕ್ಕೇ ಈ ಪರದಾಟ.

ಸೂಜಿದಾರ (ಬೆಂಗಳೂರು)

ನಾನು ಹತ್ತು ವರ್ಷಗಳಿಂದ ಚೀಲ ಹೊಲಿಯುತ್ತಿದ್ದೇನೆ, ಹೆಚ್ಚಾಗಿ ಇತರರ ಹೆಸರಿನಲ್ಲಿ ಮಾರಾಟವಾಗುವ ಚೀಲಗಳನ್ನು. ಹೊಲಿಯುವವನ ಕಡೆಯಿಂದ ಈ ಲೀಟರ್ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಹೇಳಿದರೆ ನಿಮಗೆ ಉಪಯೋಗವಾಗಬಹುದು.

ಬಟ್ಟೆಗೆ ತನ್ನದೇ ಆದ ಗಾತ್ರವೆಂಬುದಿಲ್ಲ, ಸುತ್ತಳತೆ ಮಾತ್ರ ಇದೆ. 100 ಸೆಂ.ಮೀ. ಸುತ್ತಳತೆ, 60 ಸೆಂ.ಮೀ. ಎತ್ತರದ ಒಂದು ಬಟ್ಟೆಯ ಕೊಳವೆಯನ್ನು ಕಲ್ಪಿಸಿಕೊಳ್ಳಿ. ಅದನ್ನು 30 ಅಗಲ, 20 ಆಳದ ಪೆಟ್ಟಿಗೆಯ ಹಾಗೆ ನಿಲ್ಲಿಸಿದರೆ 36 ಲೀಟರ್ ಹಿಡಿಯುತ್ತದೆ. ಅದೇ ಬಟ್ಟೆ, ಒಂದು ಹೊಲಿಗೆಯನ್ನೂ ಬಿಚ್ಚದೆ, ಪೂರ್ತಿ ದುಂಡಗಾಗುವಂತೆ ಉಬ್ಬಿದರೆ ಸುಮಾರು 48 ಲೀಟರ್ ಹಿಡಿಯುತ್ತದೆ. ಹನ್ನೆರಡು ಲೀಟರಿನ ಅಂತರ ಕೇವಲ ಆಕಾರದ್ದು. ನಿಜವಾದ ಬೆನ್ನುಚೀಲ ಇವೆರಡರ ನಡುವೆ ಇರುತ್ತದೆ: ಬೆನ್ನಿನ ಕಡೆ ಫ್ರೇಮ್ ಇರುವುದರಿಂದ ಅಲ್ಲಿ ಚಪ್ಪಟೆ, ಮುಂಭಾಗ ಮಾತ್ರ ಬಿಲ್ಲಿನಂತೆ ಬಾಗಿ ಉಬ್ಬುತ್ತದೆ. ಹಾಗೆ ಲೆಕ್ಕ ಹಾಕಿದರೆ ಅದೇ ಕೊಳವೆ 43 ಲೀಟರಿನ ಆಸುಪಾಸಿಗೆ ಬರುತ್ತದೆ. ಒಬ್ಬ ತಯಾರಕ ನಕಾಶೆಯ ಮೇಲೆ ದುಂಡಗಿನ ಲೆಕ್ಕ ಹಾಕಿ 48 ಎಂದು ಬರೆದರೆ ಅದನ್ನು ಸುಳ್ಳೆನ್ನಲು ಬಾರದು, ಆದರೆ ಅಷ್ಟನ್ನು ನೀವು ಯಾವತ್ತೂ ತುಂಬಲಾರಿರಿ. ಗುಂಡು, ಮಂಡಕ್ಕಿಗಳು ಹರಿದುಹೋಗಿ ಮೂಲೆಮೂಲೆಯನ್ನೂ ಒತ್ತಿ ಉಬ್ಬಿಸುತ್ತವೆ. ಮಡಚಿಟ್ಟ ಸ್ವೆಟರ್ ಹಾಗೆ ಮಾಡುವುದಿಲ್ಲ.

ಇದಲ್ಲದೆ ಕಣ್ಣಿಗೆ ಬೀಳದ ಸೋರಿಕೆಗಳಿವೆ. ನಾವು ಹೊಲಿಗೆಗೆಂದು ಪ್ರತಿ ಅಂಚಿನಲ್ಲೂ ಒಂದು ಸೆಂಟಿಮೀಟರ್ ಬಿಡುತ್ತೇವೆ. ನಕಾಶೆಯ ಅಳತೆಯನ್ನೇ ಗಾತ್ರಕ್ಕೆ ಹಿಡಿದರೆ ಅದೂ ಸೇರಿಹೋಗುತ್ತದೆ. ನೀರಿನ ಚೀಲ ಇಡುವ ಒಳಜೇಬು ಖಾಲಿಯಿದ್ದಾಗ ಮುಖ್ಯ ಭಾಗಕ್ಕೆ ಸೇರಿದ ಜಾಗ, ತುಂಬಿದಾಗ ಮುಖ್ಯ ಭಾಗದಿಂದ ಕಿತ್ತುಕೊಂಡ ಜಾಗ. ಬೆನ್ನಿಗೆ ಗಾಳಿಯಾಡಲೆಂದು ಫ್ರೇಮನ್ನು ಬಿಲ್ಲಿನಂತೆ ಬಗ್ಗಿಸಿ ಬಲೆ ಕಟ್ಟಿರುವ ಚೀಲಗಳಲ್ಲಿ ಆ ಬಾಗು ಒಳಗಿನ ಜಾಗವನ್ನೇ ತಿನ್ನುತ್ತದೆ. ಮೇಲ್ಭಾಗದಲ್ಲಿ ದಾರ ಎಳೆದು ಕಟ್ಟುವ ಕತ್ತಿನ ಬಟ್ಟೆಯದು ಇನ್ನೊಂದು ಕಥೆ. ಮೇಲೆ ಹೇಳಿದ ಚೀಲದಲ್ಲಿ ಆ ಕತ್ತಿನ ಪ್ರತಿ ಹತ್ತು ಸೆಂಟಿಮೀಟರಿಗೂ ಏಳು ಲೀಟರ್. ಅದನ್ನು ಪೂರ್ತಿ ಎಳೆದು ಅಳೆದರೆ ಒಂದು ಸಂಖ್ಯೆ, ಮುಚ್ಚಳ ಸರಿಯಾಗಿ ಕೂರುವಷ್ಟು ಮಾತ್ರ ಎಳೆದು ಅಳೆದರೆ ಇನ್ನೊಂದು. ಕೆಲವರು 50+10 ಎಂದು ಬಿಡಿಸಿ ಬರೆಯುವುದು ಇದಕ್ಕಾಗಿಯೇ: ಮೊದಲನೆಯದು ಚೀಲದ್ದು, ಎರಡನೆಯದು ಕತ್ತಿನದು. ಬಾಯಿಯನ್ನು ಸುರುಳಿ ಸುತ್ತಿ ಮುಚ್ಚುವ ಚೀಲಗಳಲ್ಲಿ ಎಷ್ಟು ಸುತ್ತು ಸುತ್ತಿದ ಮೇಲೆ ಅಳೆದರು ಎಂಬುದನ್ನು ಕೇಳದೆ ಲೀಟರ್ ಕೇಳಿ ಪ್ರಯೋಜನವಿಲ್ಲ.

ಕಾಡುಹಾದಿಯವರೇ, ನಿಮಗೊಂದು ಪ್ರಶ್ನೆ. ಹೊಸ ಚೀಲದ ತೆರೆದ ಜೇಬುಗಳನ್ನು ಬೇರೆಯಾಗಿ ಅಳೆದೆನೆಂದಿರಿ. ಆಗ ಮುಖ್ಯ ಭಾಗ ತುಂಬಿತ್ತೋ, ಖಾಲಿಯಿತ್ತೋ?

ಕಾಡುಹಾದಿ

ಖಾಲಿಯಿತ್ತು. ತಕ್ಕಡಿ ಐದು ಕೆ.ಜಿ.ಗಿಂತ ಹೆಚ್ಚು ತೂಗುವುದಿಲ್ಲವಾದ್ದರಿಂದ ಎರಡು ಕಂತಿನಲ್ಲಿ ಮಾಡಿದೆ. ಅದರಲ್ಲೇನು ತೊಂದರೆ?

ಸೂಜಿದಾರ

ತೊಂದರೆ ಇರುವುದೇ ಅಲ್ಲಿ. ಪಕ್ಕದ ಜೇಬು ಹೊರಗಿನಿಂದ ಅಂಟಿಸಿದ ಬೇರೆ ಚೀಲವಲ್ಲ, ಅದರ ಒಳಗೋಡೆ ಮುಖ್ಯ ಚೀಲದ ಹೊರಗೋಡೆಯೇ. ಮುಖ್ಯ ಭಾಗ ಖಾಲಿಯಿದ್ದಾಗ ಜೇಬು ಒಳಕ್ಕೆ ಉಬ್ಬಿ ಬೇಕಾದಷ್ಟು ಹಿಡಿಯುತ್ತದೆ. ಮುಖ್ಯ ಭಾಗ ತುಂಬಿದ ಮೇಲೆ ಅದೇ ಜೇಬಿಗೆ ನೀರಿನ ಬಾಟಲಿ ತುರುಕಲು ಮೊಣಕಾಲು ಕೊಡಬೇಕಾಗುತ್ತದೆ. ಒಂದೇ ಜಾಗವನ್ನು ನೀವು ಎರಡು ಸಲ ಎಣಿಸಿದ್ದೀರಿ. ಕೆಲವು ತಯಾರಕರೂ ಎಣಿಸುತ್ತಾರೆ.

ಹಿಮದ ಹೆಜ್ಜೆ (ಮೈಸೂರು)

ಮಂಡಕ್ಕಿಯ ಬದಲು ಬೀನ್ ಬ್ಯಾಗಿಗೆ ತುಂಬುವ ಥರ್ಮಾಕೋಲ್ ಕಾಳನ್ನು ಬಳಸಿದರೆ ನಿಖರತೆ ಹೆಚ್ಚುತ್ತದೆಂದು ನಾನು ಒಮ್ಮೆ ಪ್ರಯತ್ನಿಸಿದ್ದೆ. ದಯವಿಟ್ಟು ಯಾರೂ ಮಾಡಬೇಡಿ. ಕಾಳುಗಳು ವಿದ್ಯುದಾವೇಶದಿಂದ ನೈಲಾನ್ ಬಟ್ಟೆಗೆ, ಕೈಗೆ, ಪರದೆಗೆ, ಕೊನೆಗೆ ಬೆಕ್ಕಿಗೂ ಅಂಟಿಕೊಂಡವು. ಎರಡು ವರ್ಷದ ನಂತರವೂ ಮಳೆಗಾಲದ ಮೊದಲು ಚೀಲ ಕೊಡವಿದರೆ ನಾಲ್ಕೈದು ಕಾಳು ಉದುರುತ್ತವೆ. ಕಾಡಿನಲ್ಲಿ ಉದುರಿದ್ದು ಎಷ್ಟೋ ಎಂದು ನೆನೆದರೆ ನಾಚಿಕೆಯಾಗುತ್ತದೆ.

ಭಟ್ಟಿ ಮನೆ (ದಾವಣಗೆರೆ)

ಬೆನ್ನುಚೀಲದ ವಿಷಯ ನನಗೆ ತಿಳಿಯದು. ಮಗ ಚಾರಣಕ್ಕೆ ಹೋಗುತ್ತಾನೆ, ಅವನು ಈ ಚರ್ಚೆಯನ್ನು ತೋರಿಸಿದ. ಮಂಡಕ್ಕಿಯ ವಿಷಯ ಮಾತ್ರ ಮೂರು ತಲೆಮಾರಿನಿಂದ ತಿಳಿದದ್ದು, ಆದ್ದರಿಂದ ಅದರ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮಂಡಕ್ಕಿಯನ್ನು ನಮ್ಮ ಕಡೆ ಸೇರಿನಲ್ಲಿ ಅಳೆದು ಕೊಡುವ ರೂಢಿ. ಹಗುರ ಪದಾರ್ಥವಾದ್ದರಿಂದ ಅಳೆಯುವವನ ಕೈಯಲ್ಲಿ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಎತ್ತರದಿಂದ ಸುರಿದು ಅಳೆದರೆ ಒಂದು, ಸೇರನ್ನೇ ರಾಶಿಯೊಳಗೆ ನುಗ್ಗಿಸಿ ತೆಗೆದರೆ ಇನ್ನೊಂದು, ತುಂಬಿದ ಮೇಲೆ ಎರಡು ಸಲ ಕುಟ್ಟಿದರೆ ಮತ್ತೊಂದು. ತಲೆ ಸವರಿದ ಸೇರಿಗೂ ರಾಶಿ ಏರಿಸಿದ ಸೇರಿಗೂ ಇರುವ ಅಂತರದ ಮೇಲೆಯೇ ಸಂತೆಯಲ್ಲಿ ಜಗಳವಾದದ್ದನ್ನು ನೋಡಿದ್ದೇನೆ. ಹಾಗಾಗಿ ನೀವು ಬಕೆಟ್ಟಿಗೆ ಹೇಗೆ ಸುರಿದಿರೋ ಚೀಲಕ್ಕೂ ಹಾಗೆಯೇ ಸುರಿಯಬೇಕು, ಎಷ್ಟು ಕುಲುಕಿದಿರೋ ಅಷ್ಟೇ ಕುಲುಕಬೇಕು. ಚೀಲವನ್ನು ಕುಟ್ಟಿ ಕುಟ್ಟಿ ತುಂಬಿ, ಬಕೆಟ್ಟನ್ನು ಸುಮ್ಮನೆ ತುಂಬಿದ್ದರೆ ಚೀಲ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಎರಡನೆಯದು ತೇವ. ಭಟ್ಟಿಯ ಬಿಸಿ ಮರಳಿನಿಂದ ಈಚೆ ಬಂದ ಮಂಡಕ್ಕಿ ಗರಿಗರಿಯಾಗಿ ಹಗುರವಾಗಿರುತ್ತದೆ. ಮೋಡ ಮುಸುಕಿದ ದಿನ ಅರ್ಧ ಹೊತ್ತು ಬಯಲಿಗಿಟ್ಟರೆ ಗಾಳಿಯ ತೇವ ಕುಡಿದು ಮೆತ್ತಗಾಗಿ ತೂಕ ಏರುತ್ತದೆ. ನೀವು ತೂಕದ ಮೂಲಕ ಲೀಟರಿಗೆ ಬರುತ್ತಿರುವುದರಿಂದ ಬಕೆಟ್ ಅಳತೆಯನ್ನು ಬೆಳಿಗ್ಗೆ, ಚೀಲದ ಅಳತೆಯನ್ನು ಸಂಜೆ ಮಾಡಿದರೆ ಲೆಕ್ಕ ತಪ್ಪುತ್ತದೆ. ಮೊದಲೊಮ್ಮೆ, ಕೊನೆಗೊಮ್ಮೆ ಬಕೆಟ್ಟನ್ನು ತೂಗಿ, ಎರಡೂ ಒಂದೇ ಬಂದರೆ ಮಾತ್ರ ನಂಬಿ. ಒಂದೇ ಮಂಡಕ್ಕಿಯನ್ನು ನಾಲ್ಕಾರು ಸಲ ಸುರಿದಾಡಿದರೆ ಅಡಿಯಲ್ಲಿ ನುಚ್ಚು ಸೇರಿ ಸಂದುಗಳನ್ನು ತುಂಬುತ್ತದೆ, ಜರಡಿ ಹಿಡಿದು ತೆಗೆಯಬೇಕು.

ಮೂರನೆಯದನ್ನು ಕೇಳಬೇಕೋ ಬೇಡವೋ ಎಂದುಕೊಂಡೆ. ಆ ಬಕೆಟ್ 20 ಲೀಟರ್ ಎಂದು ನಿಮಗೆ ಹೇಳಿದವರು ಯಾರು? ಪೇಂಟ್ ಬಕೆಟ್ಟಿನಲ್ಲಿ 20 ಲೀಟರ್ ಪೇಂಟ್ ಬರುತ್ತದೆ, ಆದರೆ ಯಾರೂ ಅದನ್ನು ಕಂಠದವರೆಗೆ ತುಂಬಿ ಮುಚ್ಚಳ ಹಾಕುವುದಿಲ್ಲ. ಹಿಂದೆ ಊರಿಂದ ಊರಿಗೆ ಸೇರಿನ ಗಾತ್ರವೇ ಬೇರೆಯಿರುತ್ತಿತ್ತು. ನಮ್ಮ ತಾತ ಹೊಸ ಊರಿಗೆ ವ್ಯಾಪಾರಕ್ಕೆ ಹೋದಾಗ ಮೊದಲು ಅಲ್ಲಿಯ ಸೇರನ್ನು ತಮ್ಮ ಸೇರಿನಿಂದ ಅಳೆದು ನೋಡುತ್ತಿದ್ದರು.

ಗಣಿತ ಮೇಷ್ಟ್ರು

ಇಷ್ಟು ಹೊತ್ತು ಕೆಪ್ಲರನ ಬಗ್ಗೆ ಬರೆದ ನನಗೆ ಬಕೆಟ್ಟಿನ ಪ್ರಶ್ನೆ ಹೊಳೆಯಲಿಲ್ಲ. ಕಾಡುಹಾದಿಯವರು ಬಕೆಟ್ಟಿಗೆ ಕಂಠದವರೆಗೆ ನೀರು ತುಂಬಿ, ಆ ನೀರನ್ನು ಚಿಕ್ಕ ಪಾತ್ರೆಯಲ್ಲಿ ಮೊಗೆದು ಮೊಗೆದು ತೂಗಬೇಕು. ಒಂದು ಕೆ.ಜಿ. ನೀರೆಂದರೆ ಒಂದು ಲೀಟರ್ ಎಂದು ಹಿಡಿದರೆ ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು.

ದೂರದೂರು (ಸಿಯಾಟಲ್)

ಇಲ್ಲಿ ಹಳೆಯ ಚೀಲಗಳ ಮೇಲೆ ಲೀಟರಿನ ಬದಲು ಘನ ಅಂಗುಲ ಬರೆದಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು 61ರಿಂದ ಭಾಗಿಸಿದರೆ ಲೀಟರ್ ಬರುತ್ತದೆ. 3000 ಎಂದಿದ್ದರೆ 49 ಲೀಟರ್. ಇನ್ನೊಂದು ಮಾತು: ಒಂದೇ ಹೆಸರಿನ ಚೀಲ ಬೆನ್ನಿನ ಉದ್ದಕ್ಕೆ ತಕ್ಕಂತೆ ಚಿಕ್ಕದು, ಮಧ್ಯಮ, ದೊಡ್ಡದು ಎಂದು ಬರುವಾಗ ಹೆಸರಿನ ಜೊತೆ ಇರುವ ಸಂಖ್ಯೆ ಸಾಮಾನ್ಯವಾಗಿ ಅವುಗಳಲ್ಲಿ ಒಂದರದ್ದು ಮಾತ್ರ. ಉಳಿದವು ಎರಡು ಮೂರು ಲೀಟರ್ ಆಚೀಚೆ ಇರುತ್ತವೆ, ಅದು ಮೋಸವಲ್ಲ.

ವಾರಾಂತ್ಯ (ಹುಬ್ಬಳ್ಳಿ)

ಸಂಬಂಧವಿದೆ ಎಂದುಕೊಂಡು ಕೇಳುತ್ತಿದ್ದೇನೆ. ವಿಮಾನದಲ್ಲಿ ಕೈಚೀಲವಾಗಿ ಒಯ್ಯಲು 40 ಲೀಟರಿನ ಬೆನ್ನುಚೀಲ ಸಾಕೇ?

ಗಣಿತ ಮೇಷ್ಟ್ರು

ಅಲ್ಲಿ ಲೀಟರಿನ ಮಾತೇ ಇಲ್ಲ. ಇಂಡಿಗೋ ಹೇಳುವುದು 55, 35, 25 ಸೆಂಟಿಮೀಟರ್ ಮತ್ತು 7 ಕೆ.ಜಿ. ಗುಣಿಸಿದರೆ 48 ಲೀಟರ್ ಬರುತ್ತದೆ, ಆದರೆ 65 ಸೆಂಟಿಮೀಟರ್ ಎತ್ತರದ 40 ಲೀಟರಿನ ಚಾರಣದ ಚೀಲ ಆ ಚೌಕಟ್ಟಿನಲ್ಲಿ ಕೂರುವುದಿಲ್ಲ. ಟೇಪು ಹಿಡಿದು ಎತ್ತರ ನೋಡಿ.

ಹೊರೆಗಾರ (ಕಾರವಾರ)

ಚರ್ಚೆ ಚೆನ್ನಾಗಿ ನಡೆಯುತ್ತಿದೆ, ಆದರೆ ಚೀಲದ ಸಾಮರ್ಥ್ಯ ಎಂಬ ಒಂದೇ ಪದದಲ್ಲಿ ನಾವೆಲ್ಲರೂ ಎರಡು ಸಂಗತಿಗಳನ್ನು ಕಟ್ಟಿಹಾಕುತ್ತಿದ್ದೇವೆ. ಎಷ್ಟು ಹಿಡಿಯುತ್ತದೆ ಎಂಬುದು ಗಾತ್ರ. ಎಷ್ಟು ಹೊರಬಹುದು ಎಂಬುದು ಬೇರೆ. ಕಾಡುಹಾದಿಯವರ 60 ಲೀಟರಿನ ಚೀಲಕ್ಕೆ ಮಂಡಕ್ಕಿ ತುಂಬಿದರೆ ಐದಾರು ಕೆ.ಜಿ., ನೀರು ತುಂಬಿದರೆ 60 ಕೆ.ಜಿ. ಉಪ್ಪು ಹೊತ್ತ ಕತ್ತೆ ಹತ್ತಿ ಹೊತ್ತ ಕತೆಯನ್ನು ಎಲ್ಲರೂ ಶಾಲೆಯಲ್ಲಿ ಓದಿದವರೇ. ನನ್ನ ಅನುಭವದಲ್ಲಿ ಚಾರಣದ ಸಾಮಾನು ಲೀಟರಿಗೆ ಕಾಲು ಕೆ.ಜಿ.ಯ ಆಸುಪಾಸು ತೂಗುತ್ತದೆ, ಹಾಗಾಗಿ 60 ಲೀಟರ್ ತುಂಬಿದ ಚೀಲ ಹೆಚ್ಚುಕಡಿಮೆ 15 ಕೆ.ಜಿ. ಆಗುತ್ತದೆ. ಅಷ್ಟು ಹೊರೆ ಹೆಗಲಿನಿಂದ ಸೊಂಟಕ್ಕೆ ಇಳಿಯಬೇಕಾದರೆ ಗಟ್ಟಿ ಫ್ರೇಮ್ ಮತ್ತು ಸರಿಯಾಗಿ ಕೂರುವ ಸೊಂಟಪಟ್ಟಿ ಬೇಕು. ಫ್ರೇಮ್ ಇಲ್ಲದ ಹಗುರ ಚೀಲಕ್ಕೆ 60 ಲೀಟರ್ ಎಂದು ಬರೆದುಬಿಟ್ಟರೆ ಅದು 60 ಲೀಟರ್ ಹಿಡಿಯಬಹುದು, ಹೊರುವವನ ಹೆಗಲು ಎರಡನೆಯ ದಿನವೇ ದೂರು ಹೇಳುತ್ತದೆ. ಚೀಲ ಕೊಳ್ಳುವಾಗ ತಯಾರಕರು ಎಷ್ಟು ಕೆ.ಜಿ.ವರೆಗೆ ಹೊರಬಹುದೆಂದು ಹೇಳಿದ್ದಾರೆ ಎಂಬುದನ್ನು ನಾನು ಲೀಟರಿಗಿಂತ ಮೊದಲು ನೋಡುತ್ತೇನೆ.

ಕಾಡುಹಾದಿ

ನಾಲ್ಕು ದಿನ ತಡವಾಗಿ ಬರೆಯುತ್ತಿದ್ದೇನೆ, ಮಂಡಕ್ಕಿ ಹೊಸದಾಗಿ ತರಬೇಕಾಯಿತು.

ಮೊದಲು ಬಕೆಟ್. ಸ್ನಾನದ ಮನೆಯಲ್ಲಿಟ್ಟು ಕಂಠದವರೆಗೆ ನೀರು ತುಂಬಿ, ಹಾಲಿನ ಪಾತ್ರೆಯಲ್ಲಿ ಮೊಗೆದು ತೂಗಿದೆ. 21.4 ಕೆ.ಜಿ. ನಾನು 20 ಎಂದು ನಂಬಿದ್ದ ಬಕೆಟ್ 21.4 ಲೀಟರಿನದು. ಹಾಗಾದರೆ ಮಂಡಕ್ಕಿ ಲೀಟರಿಗೆ 95 ಗ್ರಾಂ ಅಲ್ಲ, 89ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಹಿಂದಿನ ತೂಕಗಳನ್ನೇ ಇಟ್ಟುಕೊಂಡು ಲೆಕ್ಕ ತಿದ್ದಿದರೆ ಹಳೆಯ ಚೀಲ 55.6 ಲೀಟರ್ ಆಗುತ್ತದೆ. ಮೂರು ಲೀಟರ್ ಸುಳ್ಳು ಹೇಳಿದ್ದಾನೆ ಎಂದು ನಾನು ಬರೆದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಅವನು ಅರ್ಧ ಲೀಟರ್ ಹೆಚ್ಚೇ ಕೊಟ್ಟಿದ್ದ. ಭಟ್ಟಿ ಮನೆಯವರು ಹೇಳಿದ ಹಾಗೆ ಹೊಸ ಮಂಡಕ್ಕಿಯಿಂದ, ಒಂದೇ ಎತ್ತರದಿಂದ ಸುರಿದು, ಬಕೆಟ್ಟನ್ನೂ ಚೀಲವನ್ನೂ ಹತ್ತು ಹತ್ತು ಸಲ ಕುಲುಕಿ ಮೂರು ಬಾರಿ ಅಳೆದಾಗ 55.2, 55.6, 56.1 ಬಂತು. ಕೈಯಿಂದ ಮಾಡುವ ಕೆಲಸದಲ್ಲಿ ಒಂದು ಲೀಟರಿನ ಏರಿಳಿತ ಇದ್ದೇ ಇರುತ್ತದೆಂದು ಒಪ್ಪಿಕೊಂಡೆ.

ಹೊಸ ಚೀಲದಲ್ಲಿ ಜಿಪ್ ಇರುವ ಭಾಗಗಳು 51.4 ಲೀಟರ್, ತೆರೆದ ಜೇಬುಗಳು 9. ಕೂಡಿಸಿದರೆ 60.4. ಅಂದರೆ ತಯಾರಕರ ಸಂಖ್ಯೆ ಎಲ್ಲಿಂದ ಬಂತೆಂಬುದು ಗೊತ್ತಾಯಿತು. ಮೇಷ್ಟ್ರು ಹೇಳಿದ ಸಣ್ಣ ಅಕ್ಷರದ ಸಾಲನ್ನು ಹುಡುಕಿದೆ. ಚಿತ್ರಗಳೆಲ್ಲ ಮುಗಿದ ಮೇಲೆ, ಬಟ್ಟೆ ಒಗೆಯುವ ಸೂಚನೆಯ ಕೆಳಗೆ, ಹೊರಜೇಬುಗಳೂ ಸೇರಿ ಎಂಬರ್ಥದ ಸಾಲು ಇತ್ತು. ಹನ್ನೆರಡು ಲೀಟರ್ ಸುಳ್ಳು ಎಂಬ ಮಾತನ್ನೂ ಹಿಂತೆಗೆದುಕೊಳ್ಳಬೇಕಾಗಿದೆ, ಆದರೆ ಅರ್ಧ ಮಾತ್ರ. ಏಕೆಂದರೆ ಸೂಜಿದಾರರ ಪ್ರಶ್ನೆಯನ್ನು ಹಿಡಿದು ಇನ್ನೊಂದು ಅಳತೆ ಮಾಡಿದೆ. ಈ ಸಲ ಮುಖ್ಯ ಭಾಗವನ್ನು ಪೂರ್ತಿ ತುಂಬಿ, ಜಿಪ್ ಎಳೆದು, ಆಮೇಲೆ ತೆರೆದ ಜೇಬುಗಳಿಗೆ ಸುರಿದೆ. ಖಾಲಿ ಚೀಲದಲ್ಲಿ 800 ಗ್ರಾಂ ಹಿಡಿದಿದ್ದ ಅದೇ ಜೇಬುಗಳು 510 ಗ್ರಾಮಿಗೆ ಉಕ್ಕಿ ಚೆಲ್ಲಿದವು. ಒಂಬತ್ತು ಲೀಟರ್ ಆರಕ್ಕೂ ಕಡಿಮೆಯಾಯಿತು. ಒಟ್ಟು 57.1. ಪಕ್ಕದ ಜೇಬಿನ ಬಾಯಿ ಎರಡು ಬೆರಳು ತೂರುವಷ್ಟು ಮಾತ್ರ ಉಳಿದಿತ್ತು, ನೀರಿನ ಬಾಟಲಿ ಅರ್ಧಕ್ಕೆ ನಿಂತಿತು.

ಹಳೆಯದರಲ್ಲಿ ತೆರೆದ ಜೇಬು ಇರುವುದು ಪಕ್ಕದಲ್ಲಿ ಮಾತ್ರ, ಅವನ್ನು ಆ ಕಂಪನಿಯವರು ಲೆಕ್ಕಕ್ಕೇ ಹಿಡಿದಿಲ್ಲ. ಆದ್ದರಿಂದ ಮುಚ್ಚಿದ ಜಾಗವನ್ನಷ್ಟೇ ಹೋಲಿಸಿದರೆ 55 ಎಂದು ಬರೆದದ್ದು 60 ಎಂದು ಬರೆದದ್ದಕ್ಕಿಂತ ನಾಲ್ಕು ಲೀಟರ್ ದೊಡ್ಡದು. ನನ್ನ ಗರಿಯ ಜಾಕೆಟ್ಟನ್ನು ಅದರ ಚೀಲಕ್ಕೆ ತುರುಕಿದರೆ ಮೂರು ಲೀಟರ್ ಚಿಲ್ಲರೆ.

ಸೂಜಿದಾರ

ಹಳೆಯದರ ಜಿಪ್ ಮಾತ್ರ ಹೋಗಿದ್ದರೆ ಅದನ್ನು ಎಸೆಯಬೇಡಿ. ಬಹಳ ಸಲ ಕೆಡುವುದು ಜಿಪ್ ಅಲ್ಲ, ಅದರ ರನ್ನರ್. ಹಲ್ಲುಗಳು ನೆಟ್ಟಗಿದ್ದರೆ ಹೊಸ ರನ್ನರ್ ಹಾಕಿಸಿದರೆ ಸಾಕು, ಚೀಲ ರಿಪೇರಿಯವರು ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಕಾಡುಹಾದಿ

ಸಂಜೆಯೇ ಮಾಡಿಸಿದೆ. ಹಂಪ್ತಾಕ್ಕೆ ಹೋಗುವುದು ಹಳೆಯದೇ.

ಭಟ್ಟಿ ಮನೆ

ಅಳತೆಗೆ ಬಳಸಿದ ಮಂಡಕ್ಕಿ ಮೆತ್ತಗಾಗಿದ್ದರೆ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಮತ್ತೆ ಗರಿಗರಿಯಾಗುತ್ತದೆ. ಹೊಸ ಚೀಲದೊಳಗಿನದಾದರೆ ಬಟ್ಟೆಯ ಬಣ್ಣದ ವಾಸನೆ ಹಿಡಿದಿರುತ್ತದೆ, ತಿನ್ನುವ ಮೊದಲು ಮೂಸಿ ನೋಡಿ.

ಮಲೆನಾಡ ಮಳೆ

ಏಕೆ ಅಳೆಯಬೇಕೆಂದು ಕೇಳಿದವನು ನಾನೇ. ಅಂಗಡಿಯಲ್ಲಿ ತುಂಬಿ ನೋಡಿ ಕೊಂಡ ನನ್ನ ಚೀಲದ ಮೇಲೆ 45 ಎಂದಿದೆ, ಭಾನುವಾರ ತುಂಬಿ ನೋಡುತ್ತೇನೆ. ಮನೆಯಲ್ಲಿರುವ 15 ಲೀಟರಿನ ಬಕೆಟ್ಟಿಗೆ ಈಗಷ್ಟೇ ನೀರು ತುಂಬಿ ತೂಗಿದೆ: 16.3.